ಕಿಟಕಿಯಿದ್ದ ಕೋಣೆ

ಒಪ್ಪಂದದ ಜೊತೆಗೆ ಬಂದ ನಿಯಮಗಳ ಹಾಳೆಯಲ್ಲಿ ಒಂದು ಸಾಲಿತ್ತು. ಬರುವ ಹುಡುಗಿಗೆ ಮನೆಯೊಳಗೇ ಸ್ವಂತ ಕೋಣೆ ಕೊಡಬೇಕು, ಅದು 8 ಚದರ ಮೀಟರಿಗಿಂತ ಚಿಕ್ಕದಿರಬಾರದು, ಅದಕ್ಕೊಂದು ಕಿಟಕಿ ಇರಬೇಕು. 2014ರ ಜೂನ್ ತಿಂಗಳು. ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ಕೂತು ಅಪ್ಪ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. "ಕಿಟಕಿಗೂ ಕಾನೂನು ಮಾಡಿದ್ದಾರಲ್ಲೇ!" ಎಂದು ನಕ್ಕರು. ನಾನೂ ನಕ್ಕೆ. ನಾವು ಕೂತಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಪಕ್ಕ, ಸಾಮಾನಿನ ಕೋಣೆ ಇತ್ತು. ಅದರ ಬಾಗಿಲು ತೆರೆದೇ ಇತ್ತು. ನಮ್ಮಿಬ್ಬರಿಗೂ ಅದು ಕಾಣಲಿಲ್ಲ.

ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಒಂದು ವರ್ಷವಾಗಿತ್ತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಡುಮ್ಕಿ ಹೊಡೆದಿದ್ದೆ. ಗೆಳತಿಯರಲ್ಲಿ ಅರ್ಧ ಜನ ಸಿ.ಎ. ಓದುತ್ತಿದ್ದರು, ಇನ್ನರ್ಧ ಜನರ ಜಾತಕ ಮನೆಯಿಂದ ಹೊರಬಿದ್ದಿತ್ತು. 'ಗ್ಯಾಪ್ ಇಯರ್' ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಓದು ಮುಗಿಸಿ ಕೆಲಸಕ್ಕೂ ಸೇರದೆ, ಮದುವೆಗೂ ಒಪ್ಪದೆ ಕಳೆಯುವ ವರ್ಷಕ್ಕೆ ನಮ್ಮಲ್ಲಿ 'ದಂಡ' ಎಂದಷ್ಟೇ ಹೆಸರು. ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಒಬ್ಬಳು ಜರ್ಮನಿಗೆ ಓ ಪೇರ್ ಆಗಿ ಹೋಗಿಬಂದಿದ್ದಳು. ಅವಳಿಂದ ಆ ಪದ ನನ್ನ ಕಿವಿಗೆ ಬಿತ್ತು. ಬೆಂಗಳೂರಿನ ಇಂದಿರಾನಗರದಲ್ಲಿ ಪೀಜಿ ಹಿಡಿದು ಜರ್ಮನ್ ಕಲಿಯಲು ಎರಡು ತಿಂಗಳು ಮ್ಯಾಕ್ಸ್ ಮುಲ್ಲರ್ ಭವನಕ್ಕೆ ನಡೆದೆ. ವೀಸಾಕ್ಕೆ ಬೇಕಾದ ಎ1 ಮಟ್ಟದ ಜರ್ಮನ್ ಪರೀಕ್ಷೆ ಪಾಸಾದೆ. ಅದು ಆ ಒಂದು ವರ್ಷದಲ್ಲಿ ನಾನು ಪಾಸಾದ ಒಂದೇ ಪರೀಕ್ಷೆ.

ಓ ಪೇರ್ ಎಂಬುದು ಫ್ರೆಂಚ್ ಮಾತು. 'ಸಮಸಮವಾಗಿ' ಎಂದು ಅರ್ಥ. ಪರದೇಶದ ಹುಡುಗಿಯೋ ಹುಡುಗನೋ ಒಂದು ವರ್ಷ ಒಂದು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವುದು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈಹಾಕುವುದು. ಬದಲಿಗೆ ಆ ಮನೆಯವರು ಊಟ, ವಸತಿ, ಕೈಖರ್ಚು ಕೊಟ್ಟು ತಮ್ಮ ಭಾಷೆ ಕಲಿಯಲು ಅನುವು ಮಾಡಿಕೊಡುವುದು. 1969ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಯುರೋಪಿನ ದೇಶಗಳು ಇದಕ್ಕಾಗಿಯೇ ಒಂದು ಒಪ್ಪಂದ ಬರೆದವು. ಹೀಗೆ ಬಂದವರು ಪೂರ್ತಿ ವಿದ್ಯಾರ್ಥಿಗಳೂ ಅಲ್ಲ, ಪೂರ್ತಿ ಕೆಲಸಗಾರರೂ ಅಲ್ಲ, ಎರಡರ ಲಕ್ಷಣವೂ ಇರುವ ಬೇರೆಯೇ ಒಂದು ವರ್ಗ ಎಂದು ಅದು ಹೇಳುತ್ತದೆ. ನನಗೆ ಬಂದ ಹಾಳೆಯಲ್ಲಿ ಉಳಿದದ್ದೆಲ್ಲ ಲೆಕ್ಕ. ವಾರಕ್ಕೆ 30 ಗಂಟೆ, ದಿನಕ್ಕೆ 6 ಗಂಟೆ ಮೀರುವಂತಿಲ್ಲ. ವಾರಕ್ಕೆ ಒಂದೂವರೆ ದಿನ ರಜೆ. ತಿಂಗಳಿಗೆ 260 ಯೂರೊ ಕೈಖರ್ಚು, ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 20,000 ರೂಪಾಯಿ. ಭಾಷಾ ತರಗತಿಗೆ ಬೇರೆ 50 ಯೂರೊ. ವಿಮೆಯ ಕಂತು ಅವರದು.

ಈ ಲೆಕ್ಕವನ್ನೆಲ್ಲ ಕೇಳಿಸಿಕೊಂಡ ಅಜ್ಜಿ ಬಾಯಿಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಒಂದೇ ಮಾತು ಕೇಳಿದರು. "ಬಿ.ಕಾಂ. ಓದಿಸಿದ್ದು ಯಾರದೋ ಮಕ್ಕಳ ಕುಂಡೆ ತೊಳೆಯೋದಕ್ಕಾ?"

ಅಮ್ಮ ಮಾತಾಡಲಿಲ್ಲ. ನನ್ನ ಕೈಹಿಡಿದದ್ದು, ನಂಬಿದರೆ ನಂಬಿ, ಕಿಟ್ಟೆಲ್. ಅಪ್ಪ ಕನ್ನಡ ಮೇಷ್ಟರು. ನನ್ನನ್ನು ಒಪ್ಪಿಕೊಂಡ ಮನೆ ಟ್ಯೂಬಿಂಗನ್ ಎಂಬ ಊರಿನಲ್ಲಿದೆ ಎಂದ ಕೂಡಲೇ ಅವರು ಕುರ್ಚಿಯಿಂದ ಎದ್ದರು. ಕಪಾಟಿನಿಂದ ಕಿಟ್ಟೆಲರ ದಪ್ಪ ನಿಘಂಟನ್ನು ಇಳಿಸಿ ಮೇಜಿನ ಮೇಲಿಟ್ಟರು. "ಕಿಟ್ಟೆಲ್ ಕಣ್ಣು ಮುಚ್ಚಿದ ಊರು ಕಣೇ ಅದು. 1894ರಲ್ಲಿ ಮಂಗಳೂರಲ್ಲಿ ಈ ಪುಸ್ತಕ ಅಚ್ಚಾಯ್ತು. ಎರಡು ವರ್ಷಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅಲ್ಲೇ ತೀರಿಕೊಂಡ್ರು." ಆಮೇಲೆ ಅಜ್ಜಿಯ ಕಡೆ ತಿರುಗಿ, "ಅವರು ಅಲ್ಲಿಂದ ಬಂದು ನಮ್ಮ ಭಾಷೆ ಕಲೀಲಿಲ್ವೇನಮ್ಮ? ಇವಳು ಹೋಗಿ ಅವರದನ್ನ ಕಲೀಲಿ. ಆಳಾಗಿ ದುಡಿ, ಅರಸಾಗಿ ಉಣ್ಣು ಅಂತ ನೀನೇ ಹೇಳ್ತೀಯ" ಎಂದರು. ಗಾದೆಗೆ ಅಜ್ಜಿಯ ಬಳಿ ಉತ್ತರವಿರಲಿಲ್ಲ. ಆದರೆ ಬೀದಿಯಲ್ಲಿ ಯಾರಾದರೂ ಕೇಳಿದರೆ "ಮೊಮ್ಮಗಳು ಜರ್ಮನಿಗೆ ಓದೋಕೆ ಹೋಗ್ತಾಳೆ" ಎಂದೇ ಹೇಳುತ್ತಿದ್ದರು.

* * *

ಸೆಪ್ಟೆಂಬರ್ ಮೊದಲ ವಾರ ಸ್ಟುಟ್‌ಗಾರ್ಟಿನಲ್ಲಿ ಇಳಿದೆ. ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ ಟ್ಯೂಬಿಂಗನ್. 1477ರಿಂದ ವಿಶ್ವವಿದ್ಯಾಲಯವಿರುವ ಊರು. ಕಲ್ಲು ಹಾಸಿದ ಓಣಿಗಳು, ಒಂದಕ್ಕೊಂದು ಭುಜ ಒರಗಿಸಿ ನಿಂತ ಹಳೆಯ ಮನೆಗಳು, ಕೆಳಗೆ ನೆಕ್ಕಾರ್ ಹೊಳೆ. ಅಲ್ಲಿ ನಾನಿದ್ದ ಮನೆಯವರ ಮಾತು ಬಂದರೆ 'ನನ್ನ ಮನೆಯವರು' ಎಂದೇ ಈಗಲೂ ಬಾಯಿಗೆ ಬರುತ್ತದೆ. ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು, ಗಂಡ ಸಂಶೋಧಕ, ಆರು ವರ್ಷದ ಮಗಳು, ಮೂರು ವರ್ಷದ ಮಗ. ಅವರ ಹೆಸರು ಬರೆಯುವುದಿಲ್ಲ. ಆ ಮಕ್ಕಳು ಈಗ ನನಗಿಂತ ಎತ್ತರಕ್ಕೆ ಬೆಳೆದಿರುತ್ತಾರೆ. ತಮ್ಮ ಚಡ್ಡಿಯ ಕತೆಯನ್ನು ಬೇರೆಯವರು ಕನ್ನಡದಲ್ಲಿ ಹೇಳುವುದು ಅವರಿಗೆ ಹಿಡಿಸಲಿಕ್ಕಿಲ್ಲ.

ನನ್ನ ಕೋಣೆ ಅಟ್ಟದ ಮೇಲಿತ್ತು. ಚಾವಣಿ ಇಳಿಜಾರಾಗಿ ಬಂದು ಹಾಸಿಗೆಯ ತಲೆದೆಸೆಗೆ ತಾಗುವಂತಿತ್ತು. ಆ ಇಳಿಜಾರಿನಲ್ಲೇ ಕಿಟಕಿ. ಮಲಗಿದರೆ ಆಕಾಶ, ಎದ್ದು ನಿಂತರೆ ಕೆಂಪು ಹೆಂಚುಗಳು, ಅವುಗಳಾಚೆ ಚರ್ಚಿನ ಗೋಪುರ. ಹುಟ್ಟಿದಾಗಿನಿಂದ ಅಜ್ಜಿಯ ಜೊತೆ, ಆಮೇಲೆ ಹಾಸ್ಟೆಲಿನಲ್ಲಿ ಮೂವರ ಜೊತೆ ಮಲಗಿದವಳಿಗೆ ಇಪ್ಪತ್ತೆರಡನೇ ವಯಸ್ಸಿಗೆ ಸಿಕ್ಕ ಮೊದಲ ಸ್ವಂತ ಬಾಗಿಲು ಅದು. ಮಕ್ಕಳೂ ಅದನ್ನು ತಟ್ಟಿಯೇ ಒಳಗೆ ಬರಬೇಕಿತ್ತು.

ಮೊದಲ ರಾತ್ರಿಯೇ ಒಂದು ಇಕ್ಕಟ್ಟು ಎದುರಾಯಿತು. ಜರ್ಮನ್ನಿನಲ್ಲಿ ನಮ್ಮ ಹಾಗೆಯೇ ನೀನು ಬೇರೆ, ನೀವು ಬೇರೆ. 'ಡು' ಎಂದರೆ ನೀನು, 'ಸೀ' ಎಂದರೆ ನೀವು. ಮ್ಯಾಕ್ಸ್ ಮುಲ್ಲರ್ ಭವನದ ಮೇಡಂ ದೊಡ್ಡವರಿಗೆ 'ಸೀ' ಎನ್ನಬೇಕೆಂದು ತಿದ್ದಿ ತಿದ್ದಿ ಕಲಿಸಿದ್ದರು. ಆದರೆ ನಲವತ್ತರ ಆ ಡಾಕ್ಟರಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದರು: "ನಾನು ನಿನಗೆ ಡು, ನೀನೂ ನನಗೆ ಡು. ಮನೆಯೊಳಗೆ ಸೀ ಇಲ್ಲ. ಹೆಸರು ಹಿಡಿದೇ ಕರಿ." ನನ್ನ ನಾಲಿಗೆ ಹೊರಳಲಿಲ್ಲ. ಅಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವರಾದರೇನು, ಅವರನ್ನು ಏಕವಚನದಲ್ಲಿ ಕರೆಯುವುದೆಂದರೆ ತಂಬೂರಿಯ ಮೇಲೆ ಕಾಲಿಟ್ಟಂತೆ. ಕನ್ನಡದಲ್ಲಾಗಿದ್ದರೆ ಉಪಾಯವಿತ್ತು. ಹೊಸ ಸೊಸೆ ನೀನೂ ಎನ್ನದೆ ನೀವೂ ಎನ್ನದೆ "ಕಾಫಿ ಬೇಕಾ?", "ಸ್ನಾನ ಆಯ್ತಾ?" ಎಂದು ದಿನಗಟ್ಟಲೆ ಸಂಸಾರ ನಡೆಸಬಲ್ಲಳು. ಜರ್ಮನ್ ಅಷ್ಟು ದಯಾಳುವಲ್ಲ. ಕರ್ತೃವಿಲ್ಲದೆ ಅಲ್ಲಿ ಸಾದಾ ವಾಕ್ಯವೂ ನಿಲ್ಲುವುದಿಲ್ಲ. ಮೂರು ವಾರ ನಾನು ಆ ಹೆಂಗಸಿಗೆ ಏನನ್ನೂ ಕೇಳಲೇ ಇಲ್ಲ, ಬರೀ ಉತ್ತರ ಕೊಟ್ಟೆ.

ಮಕ್ಕಳ ಜೊತೆ ಈ ಕಷ್ಟವಿರಲಿಲ್ಲ. ಬೇರೆ ಕಷ್ಟಗಳಿದ್ದವು. ಮೂರು ವರ್ಷದ ಆ ಹುಡುಗ ನನ್ನ ನಿಜವಾದ ಮೇಷ್ಟರು. ಜರ್ಮನ್ನಿನಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ನಪುಂಸಕ. ಡೆರ್ ಲೋಫೆಲ್, ಡಿ ಗಾಬೆಲ್, ಡಾಸ್ ಮೆಸ್ಸರ್. ಜೀವವಿಲ್ಲದ್ದೆಲ್ಲ 'ಅದು' ಎಂದು ನೆಮ್ಮದಿಯಾಗಿರುವ ಭಾಷೆಯಿಂದ ಹೋದವಳಿಗೆ ಊಟದ ಮೇಜೇ ಒಂದು ವ್ಯಾಕರಣ ಪರೀಕ್ಷೆ. ನಾನು "ಡಾಸ್ ಲೋಫೆಲ್" ಎಂದರೆ ಆತ ಬಾಯಿಯಲ್ಲಿದ್ದ ಗಂಜಿ ನುಂಗದೆ, ಕೈಯೆತ್ತಿ, ಸಹನೆಯಿಂದ "ಡೆರ್" ಎನ್ನುತ್ತಿದ್ದ. ನಗುತ್ತಿರಲಿಲ್ಲ. ತಪ್ಪಾಗಿದೆ, ಸರಿ ಮಾಡಬೇಕು, ಅಷ್ಟೆ. ತಪ್ಪನ್ನು ಅಷ್ಟು ಹಗುರವಾಗಿ ತಿದ್ದಿದ ಮೇಷ್ಟರು ನನಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಚಳಿ ಶುರುವಾದ ಮೇಲೆ ಅವನನ್ನು ಶಿಶುವಿಹಾರಕ್ಕೆ ಹೊರಡಿಸುವುದೇ ದಿನದ ದೊಡ್ಡ ಕೆಲಸ. ಮಳೆಯಿರಲಿ ಹಿಮವಿರಲಿ ಮಕ್ಕಳು ಹೊರಗೆ ಆಡಲೇಬೇಕು. ಹವೆ ಎಂದೂ ಕೆಟ್ಟದ್ದಲ್ಲ, ಹಾಕಿದ ಬಟ್ಟೆ ಸರಿಯಿರುವುದಿಲ್ಲ ಎನ್ನುವ ಜನ ಅವರು. ಮೊದಲು ಕಾಲಿಗಂಟುವ ಉಣ್ಣೆಯ ಚೀಲದಂಥ ಚಡ್ಡಿ. ಮೇಲೆ ಪ್ಯಾಂಟು. ಅದರ ಮೇಲೆ ಕೆಸರಿಗೆಂದೇ ಇರುವ ರಬ್ಬರಿನ ಪ್ಯಾಂಟು, ಅದಕ್ಕೆ ಭುಜದ ಪಟ್ಟಿ. ಎರಡು ಜೊತೆ ಕಾಲುಚೀಲ, ಬೂಟು. ಸ್ವೆಟರ್, ಜಾಕೆಟ್, ಕುತ್ತಿಗೆಗೆ ಒಂದು ಕೊಳವೆ, ಕಿವಿ ಮುಚ್ಚುವ ಟೊಪ್ಪಿ. ಕೊನೆಗೆ ಕೈಗವಸು. ಅದರಲ್ಲಿ ಹೆಬ್ಬೆರಳು ತನ್ನ ಮನೆ ಬಿಟ್ಟು ಪಕ್ಕದ ಮನೆಗೇ ಹೋಗುತ್ತದೆ. ಇಷ್ಟಾಗಿ ಬೆವರು ಒರೆಸಿಕೊಂಡು ಬಾಗಿಲು ತೆಗೆದರೆ, ಸಜ್ಜಾದ ಸೈನಿಕ ಹೊಸ್ತಿಲ ಮೇಲೆ ನಿಂತು ಉಚ್ಚೆ ಬಂತು ಎನ್ನುತ್ತಿದ್ದ.

ಅಕ್ಕನದು ಬೇರೆ ದಾರಿ. ಅವಳು ಒಂದನೇ ಕ್ಲಾಸಿಗೆ ಸೇರಿದ್ದು ನಾನು ಹೋದ ಎರಡನೇ ವಾರ. ಮೊದಲ ದಿನ ತನ್ನಷ್ಟೇ ಎತ್ತರದ ಕಾಗದದ ಶಂಕುವೊಂದನ್ನು ತಬ್ಬಿಕೊಂಡು ಹೋದಳು. ಅದರ ತುಂಬ ಮಿಠಾಯಿ, ಪೆನ್ಸಿಲು, ರಬ್ಬರು. ಅಲ್ಲಿನ ಅಕ್ಷರಾಭ್ಯಾಸವೇ ಅದು. ಮೂರನೇ ವಾರಕ್ಕೆ ಓಣಿಯ ಇನ್ನಿಬ್ಬರು ಮಕ್ಕಳ ಜೊತೆ ತಾನೇ ನಡೆದು ಹೋಗತೊಡಗಿದಳು. ನಾನು ಎರಡು ದಿನ ಅವಳಿಗೆ ಕಾಣದ ಹಾಗೆ ಹಿಂದೆ ಹೋದೆ. ಮೂರನೇ ದಿನ ಅವಳು ತಿರುಗಿ ನಿಂತು ಸೊಂಟದ ಮೇಲೆ ಕೈಯಿಟ್ಟು, "ನಿನಗೆ ಒಬ್ಬಳೇ ಮನೆಗೆ ಹೋಗೋಕೆ ಭಯವಾ?" ಎಂದು ಕೇಳಿದಳು. ಅದು ನಿಜವೇ ಆಗಿತ್ತು. ಅಲ್ಲಿಯವರೆಗೆ ಆ ಊರಿನಲ್ಲಿ ನಾನು ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ.

* * *

ಟ್ಯೂಬಿಂಗನ್ ಇರುವುದು ಶ್ವಾಬೆನ್ ಸೀಮೆಯಲ್ಲಿ. ದುಡ್ಡು ಎಣಿಸುವುದರಲ್ಲಿ, ನೆಲ ಗುಡಿಸುವುದರಲ್ಲಿ ಆ ಸೀಮೆಯವರದು ಎತ್ತಿದ ಕೈ ಎಂದು ಉಳಿದ ಜರ್ಮನರು ಹಾಸ್ಯ ಮಾಡುತ್ತಾರೆ. ಅಲ್ಲಿ 'ಕೇರ್‌ವೊಖೆ' ಎಂಬ ಪದ್ಧತಿಯಿದೆ, ಗುಡಿಸುವ ವಾರ. ಒಂದೇ ಮೆಟ್ಟಿಲು ಬಳಸುವ ಮನೆಗಳವರು ಸರದಿಯಲ್ಲಿ ಮೆಟ್ಟಿಲು, ಅಂಗಳ, ಬಾಗಿಲ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತುಬೀಳುತ್ತದೆ. ನಮ್ಮ ಬಾಗಿಲಿಗೆ ಹಲಗೆ ಬಂದ ಮೊದಲ ಶನಿವಾರ ನಾನು ಬೆಳಿಗ್ಗೆಯೇ ಎದ್ದು ಪೊರಕೆ ಹುಡುಕುತ್ತಿದ್ದೆ. ನಮ್ಮೂರಲ್ಲಿ ಬಾಗಿಲ ಮುಂದೆ ಗುಡಿಸಿ ನೀರು ಹಾಕಿ ರಂಗೋಲಿ ಇಡುವುದು ಯಾರ ಕೆಲಸವೆಂದು ಯಾರೂ ಕೇಳುವುದಿಲ್ಲ, ಗೊತ್ತೇ ಇರುತ್ತದೆ. ಇಲ್ಲಿ ನೋಡಿದರೆ ಮನೆಯ ಯಜಮಾನ, ಪಿಎಚ್.ಡಿ. ಆದ ಮನುಷ್ಯ, ಮೇಲಿನ ಮೆಟ್ಟಿಲಿನಿಂದ ಹಿಮ್ಮುಖವಾಗಿ ಬಗ್ಗಿ ಒರೆಸುತ್ತ ಇಳಿಯುತ್ತಿದ್ದರು. ಪೊರಕೆಗೆ ಕೈ ಚಾಚಿದೆ. ಅವರು ಕೊಡಲಿಲ್ಲ. "ಇವತ್ತು ನಿನ್ನ ರಜೆ" ಎಂದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಕೂತಿದ್ದು, ಮನೆಯ ಗಂಡಸು ನೆಲ ಒರೆಸುವ ಸದ್ದು ಕೇಳಿಸುವುದು ಹೇಗನಿಸುತ್ತದೆಂದು ಅವತ್ತು ಗೊತ್ತಾಯಿತು. ಮೈಯೆಲ್ಲ ಮುಳ್ಳು.

ಇದನ್ನೆಲ್ಲ ಕೇಳಿ ಅವರು ದೇವರಂಥವರು ಎಂದುಕೊಳ್ಳಬೇಡಿ. ನವೆಂಬರಿನಲ್ಲಿ ಯಜಮಾನರು ಮೂರು ವಾರ ಬೇರೆ ಊರಿಗೆ ಹೋದರು. ಡಾಕ್ಟರಮ್ಮನಿಗೆ ರಾತ್ರಿ ಪಾಳಿ ಬಿತ್ತು. ಸಂಜೆ ಬರುತ್ತೇನೆಂದವರು ಎಂಟಕ್ಕೆ ಬಂದರು, ಶನಿವಾರದ ರಜೆ ಹೋಯಿತು, ಅದರ ಹಿಂದೆ ಭಾನುವಾರವೂ ಹೋಯಿತು. ಸಂಜೆ ಐದಕ್ಕೇ ಕತ್ತಲಾಗುವ ದಿನಗಳು. 11ನೇ ತಾರೀಖು ಸೇಂಟ್ ಮಾರ್ಟಿನ್ ಹಬ್ಬಕ್ಕೆ ಮಕ್ಕಳು ಕಾಗದದ ಕಂದೀಲು ಹಿಡಿದು ಹಾಡುತ್ತ ಬೀದಿಯಲ್ಲಿ ನಡೆಯುವಾಗ ನಮ್ಮ ಕಾರ್ತಿಕ ದೀಪೋತ್ಸವ ನೆನಪಾಗಿ ಗಂಟಲು ಕಟ್ಟಿತು. ಎಡಗೈಯಲ್ಲಿ ಹುಡುಗನ ಕಂದೀಲು, ಬಲಗೈಯಲ್ಲಿ ಹುಡುಗ, ಅಕ್ಕ ಎಲ್ಲೋ ಗುಂಪಿನ ಮುಂದೆ. ಅವತ್ತು ಭಾಷಾ ತರಗತಿಯೂ ತಪ್ಪಿತ್ತು.

ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಜಾರ್ಜಿಯಾ ದೇಶದ ಹುಡುಗಿ, ಅವಳೂ ಓ ಪೇರ್. ಮುಂದಿನ ತರಗತಿಯ ದಿನ ನನ್ನ ಮುಖ ನೋಡಿ, "ಎಷ್ಟು ಗಂಟೆ?" ಎಂದಳು. ಎಣಿಸಿಲ್ಲ ಎಂದೆ. ಅವಳು ಗದರಿದಳು: "ಎಣಿಸದಿದ್ದರೆ ಅದು ಕೆಲಸವಲ್ಲ, ಅಭ್ಯಾಸ ಆಗುತ್ತೆ." ಆ ರಾತ್ರಿ ಅಪ್ಪ ಕೊಟ್ಟಿದ್ದ ಕನ್ನಡ ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ. ಮೊದಲ ವಾರ 41. ಎರಡನೇ ವಾರ 44.

ಹೇಳುವುದು ಹೇಗೆ? ಜರ್ಮನ್ನಿನಲ್ಲಿ ವಾಕ್ಯ ಕಟ್ಟಿ ಬಾಯಿಪಾಠ ಮಾಡಿದೆ. ಎದುರಿಗೆ ನಿಂತಾಗ ಒಂದು ಪದವೂ ಬರಲಿಲ್ಲ. ಕೊನೆಗೆ ಆ ಕ್ಯಾಲೆಂಡರ್ ಹಾಳೆಯನ್ನೇ ಊಟದ ಮೇಜಿನ ಮೇಲೆ, ಬೆಣ್ಣೆಯ ಡಬ್ಬಿಯ ಪಕ್ಕ ಇಟ್ಟು ನಿಂತೆ. ಗಣಪತಿಯ ಚಿತ್ರದ ಹಿಂದೆ ನೀಲಿ ಪೆನ್ನಿನ ಅಂಕಿಗಳು. ಆಕೆ ಓದಿದರು. ಮುಖ ಕೆಂಪಾಯಿತು. ಮೊದಲು ಬಂದದ್ದು ಸಿಟ್ಟೇ: "ಮೂರು ವಾರದಿಂದ ಬಾಯಿ ಬಿಟ್ಟಿಲ್ಲ ನೀನು! ನಿನ್ನ ತಲೆಯೊಳಗೆ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?" ಆಮೇಲೆ ಮೌನ. ಆಮೇಲೆ ಒಳಗೆ ಹೋಗಿ ಒಪ್ಪಂದದ ಕಡತ ತಂದು, ಲೆಕ್ಕ ಹಾಕಿ, ಹೆಚ್ಚಾದ ಗಂಟೆಗಳನ್ನು ಡಿಸೆಂಬರಿನ ರಜೆಯಾಗಿ ಹಂಚಿ ಬರೆದರು. "ತಪ್ಪು ನನ್ನದು" ಎಂದರು. ಮತ್ತೆ ಸಣ್ಣ ದನಿಯಲ್ಲಿ ಕೇಳಿದರು: "ಯಾಕೆ ಹೇಳಲಿಲ್ಲ?"

"ನಮ್ಮಲ್ಲಿ ಹೇಳುವುದಿಲ್ಲ" ಎಂದೆ. ಅವತ್ತು ಮೊದಲ ಸಲ ಅವರೆದುರು ನನ್ನ ಬಾಯಲ್ಲಿ 'ಡು' ಬಂತು: "ನಿನಗೆ ಅರ್ಥವಾಗುವುದಿಲ್ಲ."

* * *

ಅಟ್ಟಕ್ಕೆ ಹತ್ತಿ ಮಲಗಿದೆ. ಕಿಟಕಿಯ ಗಾಜಿನ ಮೇಲೆ ಆ ವರ್ಷದ ಮೊದಲ ಹಿಮ ಮೆತ್ತಗೆ ಕೂರುತ್ತಿತ್ತು. ನಮ್ಮಲ್ಲಿ ಹೇಳುವುದಿಲ್ಲ ಎಂದೆನಲ್ಲ, ಯಾರು ಹೇಳುವುದಿಲ್ಲ? ನಾನು ಮನೆಯಲ್ಲಿ ಸುಮ್ಮನಿದ್ದವಳೇ ಅಲ್ಲ. ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳಿದವಳು. ಹೇಳದೆ ಇದ್ದವಳು ಬೇರೊಬ್ಬಳು.

ಅವಳನ್ನು ನಾವು ಸಣ್ಣಿ ಎನ್ನುತ್ತಿದ್ದೆವು. ಅದು ಅವಳ ಹೆಸರಲ್ಲ. ಅವಳ ಹೆಸರೂ ನನ್ನ ಅಮ್ಮನ ಹೆಸರೂ ಒಂದೇ. ಮನೆಯ ಸೊಸೆಯ ಹೆಸರು ಹಿಡಿದು ಕೆಲಸದವಳನ್ನು ಕೂಗುವುದು ಹೇಗೆಂದು ಅಜ್ಜಿ ಬಂದ ದಿನವೇ ಅವಳಿಗೆ ಬೇರೆ ಹೆಸರಿಟ್ಟರು. 1995ರಲ್ಲಿ ಅರಕಲಗೂಡಿನ ಕಡೆಯ ಹಳ್ಳಿಯಿಂದ ಅವಳಪ್ಪ ಕರೆತಂದು ಬಿಟ್ಟಾಗ ಅವಳಿಗೆ ಹನ್ನೆರಡು. ನನಗೆ ಮೂರು. ನನ್ನನ್ನು ಆಡಿಸುವುದೇ ಅವಳ ಕೆಲಸ ಎಂದು ಮಾತು. ಆದರೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದರಿಂದ ಹಿಡಿದು ರಾತ್ರಿ ಅಜ್ಜಿಯ ಕಾಲೊತ್ತುವವರೆಗೆ ಅವಳೇ. ಗಂಟೆಗಳನ್ನು ಯಾರೂ ಎಣಿಸಲಿಲ್ಲ. ಜಾರ್ಜಿಯಾದ ಹುಡುಗಿ ಹೇಳಿದ್ದು ಸರಿ, ಅದು ಕೆಲಸವಾಗಿರಲಿಲ್ಲ, ಮನೆಯ ಅಭ್ಯಾಸವಾಗಿತ್ತು. ಸಂಬಳ 150 ರೂಪಾಯಿ. ತಿಂಗಳ ಕೊನೆಗೆ ಅವಳಪ್ಪ ಬಂದು ಒಯ್ಯುತ್ತಿದ್ದ. ಅವಳ ತಟ್ಟೆ, ಲೋಟ ಬೇರೆ, ಬಚ್ಚಲ ಗೂಡಿನಲ್ಲಿ ಬೋರಲು. ಮಲಗುತ್ತಿದ್ದುದು ಸಾಮಾನಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ. ಅದಕ್ಕೆ ಕಿಟಕಿ ಇರಲಿಲ್ಲ. ದೊಡ್ಡಪ್ಪನ ಮಗಳು ಅವಳಿಗಿಂತ ಎರಡು ವರ್ಷ ಚಿಕ್ಕವಳು, ಅವಳು ನನಗೆ ಅಕ್ಕ. ಇವಳು ಬರೀ ಸಣ್ಣಿ. "ಬಾರೆ ಸಣ್ಣಿ, ಶೂ ಹಾಕು" ಎಂದು ಮೂರು ವರ್ಷದವಳು ಕೂಗಿದರೆ ಓಡಿ ಬರುತ್ತಿದ್ದಳು. 2001ರಲ್ಲಿ ಮದುವೆಯೆಂದು ಹೊರಟುಹೋದಾಗ ನಾನು ಮೂರು ದಿನ ಊಟ ಬಿಟ್ಟಿದ್ದೆನಂತೆ. ಮನೆಯವರು ಆ ಕತೆಯನ್ನು ನನ್ನ ಮೃದು ಮನಸ್ಸಿಗೆ ಸಾಕ್ಷಿಯೆಂಬಂತೆ ಹೇಳುತ್ತಾರೆ. ನಾಲ್ಕನೇ ದಿನದಿಂದ ಅವಳ ನೆನಪೇ ನನಗಿರಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ನಮ್ಮ ಮನೆಯವರು ಕೆಟ್ಟವರಲ್ಲ. ಅವಳನ್ನು ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ, ಯುಗಾದಿಗೆ ಗೌರಿಹಬ್ಬಕ್ಕೆ ಬಟ್ಟೆ ತಪ್ಪಲಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಕಾನೂನು ನಮ್ಮಲ್ಲಿ ಬಂದದ್ದೇ 2006ರಲ್ಲಿ. ಈ ಸಮಾಧಾನಗಳನ್ನೆಲ್ಲ ಆ ರಾತ್ರಿ ಒಂದೊಂದಾಗಿ ಹೇಳಿಕೊಂಡೆ. ಪ್ರತಿಯೊಂದನ್ನೂ ಹೇಳಿ ಮುಗಿಸಿದ ಮೇಲೆ ತಲೆಯ ಮೇಲೆ ಕಿಟಕಿ ಇತ್ತು.

ಆ ಭಾನುವಾರ ಸ್ಕೈಪಿನಲ್ಲಿ ಅಪ್ಪ ಸಿಕ್ಕರು. "ಅಪ್ಪ, ಓ ಪೇರ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದೆ. ಅವರಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. "ಮನೆಯಾಳು ಅನ್ನೋಕಾಗಲ್ಲ, ಅದರಲ್ಲಿ ಸಮ ಇಲ್ಲ" ಎಂದು ಶುರುಮಾಡಿದವರು ಆಳು ಎಂಬ ಪದಕ್ಕೇ ಇಳಿದುಬಿಟ್ಟರು. "ನೋಡು ಎಷ್ಟು ವಿಚಿತ್ರ. ಆಳು ಅಂದ್ರೆ ಸೇವಕ. ಅದನ್ನೇ ಕ್ರಿಯಾಪದ ಮಾಡು, ರಾಜ್ಯ ಆಳು. ಆಳೆತ್ತರ ಅಂದ್ರೆ ಸೇವಕನ ಎತ್ತರ ಅಲ್ಲ, ಮನುಷ್ಯನ ಎತ್ತರ. ಆಳಿಗೊಂದು ಅಂದ್ರೆ ತಲೆಗೊಂದು. ದೊರೆ, ಸೇವಕ, ಮನುಷ್ಯ ಮೂವರನ್ನೂ ಕನ್ನಡ ಒಂದೇ ಪದದಲ್ಲಿ ಕೂರಿಸಿದೆ."

"ಅಪ್ಪ, ಸಣ್ಣಿ ಈಗ ಎಲ್ಲಿದ್ದಾಳೆ?"

ಪರದೆಯ ಮೇಲೆ ಅವರ ಮುಖ ಅಲ್ಲಾಡಲಿಲ್ಲ. ಸಂಪರ್ಕ ಕಡಿದಿದೆ ಎಂದುಕೊಂಡೆ. ಕಡಿದಿರಲಿಲ್ಲ. "ಅಮ್ಮನಿಗೆ ಗೊತ್ತಿರಬಹುದು" ಎಂದರು.

* * *

ಮುಂದಿನ ತಿಂಗಳುಗಳನ್ನು ಬೇಗ ದಾಟುತ್ತೇನೆ, ಸುಖದ ದಿನಗಳ ಬಗ್ಗೆ ಹೇಳುವುದು ಕಡಿಮೆ. ಡಾಕ್ಟರಮ್ಮನನ್ನು ಹೆಸರು ಹಿಡಿದು ಕರೆಯತೊಡಗಿದೆ. ಕೆಲಸ ಮುಗಿದ ಮೇಲೆ ನೆಕ್ಕಾರ್ ನಡುವಿನ ದ್ವೀಪದಲ್ಲಿ, ಸಾಲುಮರಗಳ ಕೆಳಗೆ ಒಬ್ಬಳೇ ಓಡಾಡತೊಡಗಿದೆ. ಎದುರಿನ ದಡದಲ್ಲಿ ಹಳದಿ ಗೋಪುರವಿದೆ. ಹೋಲ್ಡರ್‌ಲಿನ್ ಎಂಬ ಕವಿ ಮನಸ್ಸು ಕೆಟ್ಟು ತನ್ನ ಕೊನೆಯ 36 ವರ್ಷ ಅಲ್ಲೇ ಕಳೆದ. ಅವನನ್ನು ನೋಡಿಕೊಂಡವರು ರಾಜರೂ ಅಲ್ಲ, ನಂಟರೂ ಅಲ್ಲ, ಒಬ್ಬ ಬಡಗಿಯ ಮನೆಯವರು. ಹಿಂದೆ ಆಗಿದ್ದರೆ ಗೋಪುರ ನೋಡಿದಾಗ ಕವಿಯೇ ಕಾಣುತ್ತಿದ್ದ. ಈಗ ಅವನ ಊಟದ ತಟ್ಟೆ ತೊಳೆದವರು ಯಾರು ಎಂಬ ಯೋಚನೆ ಮೊದಲು ಬರುತ್ತಿತ್ತು. ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳು ಉದ್ದ ಗಳು ಹಿಡಿದು ದೋಣಿಯ ಪಂದ್ಯ ನಡೆಸಿದರು. ಸೋತ ತಂಡದವರು ದಡದಲ್ಲಿ ನಿಂತು ಮೀನೆಣ್ಣೆ ಕುಡಿಯಬೇಕು. ಎರಡು ಬ್ಯಾಂಕ್ ಪರೀಕ್ಷೆ ಸೋತವಳು ಅವರ ಮುಖ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಜುಲೈಯಲ್ಲಿ ಬಿ1 ಪಾಸಾದೆ. ಹೊರಡುವ ದಿನ ಹುಡುಗ ಅಳಲಿಲ್ಲ. ಚಮಚವೊಂದನ್ನು ತಂದು ಕೈಗಿಟ್ಟು, ನಾನು ಏನೆನ್ನುತ್ತೇನೋ ಎಂದು ನೋಡುತ್ತ ನಿಂತ. "ಡೆರ್" ಎಂದೆ.

ಈಗ ಹತ್ತು ವರ್ಷ ದಾಟಿದೆ. ಬೆಂಗಳೂರಿನಲ್ಲಿ ಜರ್ಮನ್ ಗೊತ್ತಿರುವುದರಿಂದಲೇ ಸಿಕ್ಕ ಕೆಲಸದಲ್ಲಿದ್ದೇನೆ. ಮೊನ್ನೆ ಗಂಡನ ಜೊತೆ ಫ್ಲ್ಯಾಟ್ ನೋಡಲು ಹೋಗಿದ್ದೆ. ತೋರಿಸುತ್ತಿದ್ದ ಹುಡುಗ ಅಡುಗೆಮನೆಯ ಹಿಂದಿನ ಬಾಗಿಲು ತೆರೆದು, "ಇದು ಸರ್ವೆಂಟ್ ರೂಮ್ ಮೇಡಂ, ಎಕ್ಸ್‌ಟ್ರಾ ಅಡ್ವಾಂಟೇಜು" ಎಂದ. ಬ್ಯಾಗಿನಿಂದ ಟೇಪು ತೆಗೆದು ಅಳೆದೆ. ಆರೂವರೆ ಅಡಿ ಉದ್ದ, ಆರಡಿ ಅಗಲ. 4 ಚದರ ಮೀಟರೂ ಇಲ್ಲ. ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನಿನ ತೂತು. ನಾನು ಹೀಗೆ ಟೇಪು ಹಿಡಿದು ಓಡಾಡುವುದನ್ನು ನೋಡಿದವರು ನನ್ನನ್ನು ದೊಡ್ಡ ಸುಧಾರಕಿ ಎಂದುಕೊಳ್ಳಬಾರದು. ನಮ್ಮ ಮನೆಗೆ ಬರುವ ಹೆಂಗಸಿಗೆ ವಾರದ ರಜೆ ಕೊಡುತ್ತೇನೆ, ನೀವು ಎನ್ನುತ್ತೇನೆ. ಆದರೆ ಅವರು ಹೇಳದೆ ಬರದಿದ್ದ ದಿನ ಸಿಂಕಿನ ಮುಂದೆ ನಿಂತು ಅಜ್ಜಿಯ ದನಿಯಲ್ಲೇ ಗೊಣಗುತ್ತೇನೆ. ಒಂದು ವರ್ಷ ಕಲಿಸಿದ್ದನ್ನು ಇಪ್ಪತ್ತೆರಡು ವರ್ಷ ಕಲಿಸಿದ್ದು ಬಂದು ಒತ್ತುತ್ತಲೇ ಇರುತ್ತದೆ.

ಆ ವರ್ಷ ನನ್ನ ಲೆಕ್ಕದಲ್ಲಿ ಮುಗಿದದ್ದು ಟ್ಯೂಬಿಂಗನ್ನಿನಲ್ಲಲ್ಲ, ವಾಪಸು ಬಂದ ಮೂರನೇ ಭಾನುವಾರ, ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ವಿಳಾಸ ಹುಡುಕಿಕೊಟ್ಟದ್ದು ಅಮ್ಮನೇ. ಒಂದು ಸೀರೆಯನ್ನೂ ಕೊಟ್ಟರು, ಜೊತೆಗೆ ಬರಲಿಲ್ಲ. ಹೆಂಚಿನ ಮನೆ, ಮುಂದೆ ತುಂಬೆ ಬೆಳೆದ ಅಂಗಳ. ಮೂವತ್ತೆರಡರ ಹೆಂಗಸು ಹೊರಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಗುರುತು ಹಿಡಿದ ಮೇಲೆ ಅವಳ ಬಾಯಿಗೆ ಬಂದದ್ದು ನನ್ನ ಹೆಸರಲ್ಲ, "ಪುಟ್ಟಿ!"

ಆಗ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಭಾನುವಾರ ರಜೆ. ಮಗಳು ಎಂಟನೇ ಕ್ಲಾಸು. ಕಾಫಿ ಕೊಟ್ಟಳು. ಅವಳ ಕೈಯಲ್ಲೂ ನನ್ನ ಕೈಯಲ್ಲೂ ಒಂದೇ ಜೊತೆಯ ಲೋಟ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಟ್ಯೂಬಿಂಗನ್ನಿನ ಊಟದ ಮೇಜಿನ ಮುಂದೆ ಆದ ಹಾಗೆಯೇ ಗಂಟಲಲ್ಲಿ ನಿಂತಿತು. ಹೇಳಲಾಗಿದ್ದು ಇಷ್ಟೇ: "ಅಕ್ಕ, ನೀವು ಆ ಸಾಮಾನಿನ ಕೋಣೆಯಲ್ಲಿ ಹೇಗೆ ಮಲಗ್ತಿದ್ರಿ?"

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಅದ್ಯಾಕೆ ನೀವು ಗೀವು ಅಂತೀಯ ಪುಟ್ಟಿ, ಯಾರೋ ಬೇರೇವ್ರನ್ನ ಕರದಂಗಾಯ್ತದೆ. ಮಲಗಿದ್ ತಕ್ಷಣ ನಿದ್ದೆ ಬಂದ್ಬುಡದು. ಕತ್ತಲೆ ಗಿತ್ತಲೆ ನೋಡಕ್ ಟೈಮೆಲ್ಲಿತ್ತು?" ಆಮೇಲೆ ಅವಳಿಗೆ ನನ್ನ ಕತೆ ಬೇಕಾಯಿತು. ಆ ದೇಶದ ಮಕ್ಕಳು ಹಟ ಮಾಡ್ತಾವಾ? ಸಂಬಳ ಯಾರ ಕೈಗೆ ಕೊಡ್ತಿದ್ರು? ನನ್ನ ಕೈಗೇ ಎಂದೆ. ತಲೆಯಾಡಿಸಿದಳು.

"ದಿನಕ್ಕೆ ಎಷ್ಟೊತ್ತು ಕೆಲ್ಸ?"

"ಆರು ಗಂಟೆ."

"ಬರೀ ಆರು ಗಂಟೆನಾ?" ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ದೂರಿರಲಿಲ್ಲ, ಹೊಟ್ಟೆಕಿಚ್ಚಿರಲಿಲ್ಲ, ನಿಜವಾದ ಕುತೂಹಲವಿತ್ತು. "ಉಳಿದ್ ಹೊತ್ತೆಲ್ಲ ಏನ್ ಮಾಡ್ತಿದ್ದೆ?"

ಹೇಳಲು ಶುರುಮಾಡಿದೆ. ಹೊಳೆ, ದೋಣಿ, ಕ್ಲಾಸು, ಅಟ್ಟದ ಮೇಲಿನ ಕಿಟಕಿ. ಅವಳು ಸ್ವಲ್ಪ ಕೇಳಿಸಿಕೊಂಡು, ಕೈಯೆತ್ತಿ ನನ್ನನ್ನು ತಡೆದು, ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳನ್ನು ಕೂಗಿದಳು. "ಅದನ್ನ ಅಲ್ಲೇ ಬಿಟ್ಟು ಬಾರೆ ಇಲ್ಲಿ. ಕೂತ್ಕೊಂಡು ಕೇಳು."